ನಿಲ್ಲಲೊಲ್ಲದ ಜೀಪು

ಹಳೆಯ ನಕ್ಷೆಯ ಪ್ರಕಾರ ಕಾಡಿಗೂ ಊರಿಗೂ ನಡುವೆ ಗಡಿಕಲ್ಲು ನೆಡಬೇಕಿತ್ತು. ಮರಗಳು ಒತ್ತಾಗಿದ್ದವು, ಸರಪಳಿ ಹಿಡಿದು ಅಳೆದರೆ ವರ್ಷವಾದರೂ ಮುಗಿಯದು. ಹಾಗಾಗಿ ಕ್ಷಿಪಣಿಗೆ ದಾರಿ ತೋರಿಸಲು ಸೈನ್ಯ ಬಳಸುವಂಥ ಪೆಟ್ಟಿಗೆಯೊಂದನ್ನು ಜೀಪಿಗೆ ಕೂರಿಸಿದರು. ಹೊರಟ ಜಾಗದಿಂದ ಯಾವ ದಿಕ್ಕಿಗೆ, ಎಷ್ಟು ದೂರ ಬಂದಿದ್ದೇವೆ ಎಂಬುದನ್ನು ತನ್ನ ಚಲನೆಯಿಂದಲೇ ಅದು ಲೆಕ್ಕ ಹಾಕುತ್ತಿತ್ತು.

ಪೆಟ್ಟಿಗೆ ನೋಡಿಕೊಳ್ಳಲು ನಿವೃತ್ತ ಸುಬೇದಾರ್ ಬೋಜಪ್ಪ ಬಂದರು. ಅಳತೆಯ ಮೇಲಧಿಕಾರಿ ಶ್ರೀಕಂಠಯ್ಯ.

"ಸಾರ್, ಮೂರು ನಿಮಿಷಕ್ಕೊಮ್ಮೆ ಜೀಪು ನಿಲ್ಲಿಸಬೇಕು. ಅರ್ಧ ನಿಮಿಷ ಯಾರೂ ಅಲುಗಾಡಬಾರದು," ಎಂದರು ಬೋಜಪ್ಪ. "ನಿಂತಾಗಲೂ ಪೆಟ್ಟಿಗೆ 'ಹೋಗ್ತಿದ್ದೀನಿ' ಅಂದ್ರೆ ಅದು ತಪ್ಪು. ಆ ತಪ್ಪನ್ನ ಅಲ್ಲೇ ತಿದ್ದಿಕೊಳ್ಳುತ್ತೆ."

"ಕ್ಷಿಪಣಿ ಎಲ್ಲಾದ್ರೂ ನಿಲ್ಲುತ್ತೇನ್ರೀ?"

"ಅದರ ಪ್ರಯಾಣ ಕೆಲವೇ ನಿಮಿಷ ಸಾರ್. ನಮ್ಮದು ದಿನವಿಡೀ."

ಎರಡು ದಿನ ಅವರು ಹೇಳಿದಂತೆಯೇ ನಿಲ್ಲಿಸುತ್ತಾ ಹೋದರು. ಮೂರನೇ ದಿನ ಶ್ರೀಕಂಠಯ್ಯ ರೇಗಿದರು. "ಸಾಕು ನಿಮ್ಮ ಗೋಳು! ಊಟಕ್ಕೆ ನಿಲ್ಲಿಸ್ತೀವಲ್ಲ, ಆಗ ತಿದ್ದಿಕೊಳ್ಳಲಿ."

ಬೋಜಪ್ಪ ದಿನವೂ ಹೇಳಿದರು, ಬರೆದೂ ಕೊಟ್ಟರು. ಹೇಳಿ ಹೇಳಿ ಗಂಟಲು ಒಣಗಿತು. ಜೀಪು ಮಾತ್ರ ಓಡುತ್ತಲೇ ಇತ್ತು, ಕಲ್ಲುಗಳು ನೆಲಕ್ಕಿಳಿಯುತ್ತಲೇ ಇದ್ದವು.

ಹನ್ನೊಂದನೇ ದಿನ ನಿಂಗಾಜಮ್ಮ ಎಂಬ ರೈತ ಹೆಂಗಸು ಜೀಪಿಗೆ ಅಡ್ಡ ನಿಂತಳು.

"ನಮ್ಮತ್ತೆ ಕಾಲದ ಬಾವಿ ಸ್ವಾಮಿ. ನಿಮ್ಮ ಕಲ್ಲು ಅದರ ಈಚೆ ಬಿದ್ದು, ಬಾವಿ ಕಾಡಿನ ಪಾಲಾಗಿದೆ. ಇನ್ಮೇಲೆ ನೀರು ಸೇದಿದ್ರೆ ಕೇಸಂತೆ! ನನ್ನ ತರಕಾರಿ ಮಡಿ ಒಣಗ್ತಾ ಇದೆ."

"ಯಂತ್ರ ಸುಳ್ಳು ಹೇಳಲ್ಲಮ್ಮ," ಎಂದರು ಶ್ರೀಕಂಠಯ್ಯ.

ಬೋಜಪ್ಪನವರ ತಾಳ್ಮೆ ಕೆಟ್ಟಿತು. "ಹೇಳುತ್ತೆ ಸಾರ್! ನಾವೇ ಹೇಳಿಸ್ತಿದ್ದೀವಿ. ಮೊದಲ ದಿನ ಹೊರಟ ಕಲ್ಲಿನ ಹತ್ರ ಹೋಗೋಣ ನಡೀರಿ, ಗೊತ್ತಾಗುತ್ತೆ."

ಹೋದರು. ಜೀಪಿನ ಚಕ್ರ ಆ ಕಲ್ಲಿಗೆ ತಾಗಿಕೊಂಡೇ ನಿಂತಿತ್ತು. ಪೆಟ್ಟಿಗೆ ಮಾತ್ರ, ಕಲ್ಲು ಇನ್ನೂ ನೂರಿಪ್ಪತ್ತು ಮೀಟರ್ ದೂರವಿದೆ ಎಂದು ತೋರಿಸಿತು.

ಶ್ರೀಕಂಠಯ್ಯನವರ ಮುಖ ಕಪ್ಪಿಟ್ಟಿತು. ಮೂರನೇ ದಿನದಿಂದ ನೆಟ್ಟ ಕಲ್ಲುಗಳನ್ನೆಲ್ಲ ಕೀಳಿಸಿದರು. ಮೂರು ನಿಮಿಷಕ್ಕೊಮ್ಮೆ ನಿಲ್ಲುತ್ತಾ ಎಲ್ಲವನ್ನೂ ಮತ್ತೆ ಅಳೆದರು. ಬಾವಿ ಊರಿನ ಗಡಿಯೊಳಗೇ ಇತ್ತು.

ತಾವೇ ಹೋಗಿ ನಿಂಗಾಜಮ್ಮನಿಗೆ ತಿಳಿಸಿದರು. ಅಷ್ಟರಲ್ಲಿ ಅವಳ ಮಡಿ ಅರ್ಧ ಒಣಗಿತ್ತು.

"ಅಲ್ಲ ಸ್ವಾಮಿ, ಅರ್ಧ ನಿಮಿಷ ನಿಲ್ಲೋಕಾಗದಷ್ಟು ಅದೇನು ಅವಸರವಿತ್ತು ನಿಮಗೆ?" ಎಂದಳು ಅವಳು.



ನೀತಿ: ಸಾಧನ ಎಷ್ಟೇ ಸೂಕ್ಷ್ಮವಾಗಿರಲಿ, ಆಗಾಗ ನಿಂತು ತಪ್ಪು ತಿದ್ದಿಕೊಳ್ಳದಿದ್ದರೆ ಸಣ್ಣ ತಪ್ಪೇ ಬೆಳೆದು ದೊಡ್ಡದಾಗುತ್ತದೆ. ನಮ್ಮ ಅವಸರಕ್ಕೆ ಬೆಲೆ ತೆರುವವರು ಹೆಚ್ಚಾಗಿ ಬೇರೆಯವರು.