ಓಂಕಾರಿಯ ಹದಿನೇಳು ಮೀನುಮರಿ

ಸಾರಿಗಿಳಿಯೋದು ಬಿಟ್ಟಿದ್ದು, ಮೀನುಮರಿ ಸಾಕಿದ್ದು, ಸೊಸೆಗಾಗಿ ಬಾಗಿಲಲ್ಲಿ ಕಾದಿದ್ದು. ಏನು ಹೇಳಿ? ಬೆಕ್ಕು ಅಂದ್ರಾ? ಬೆಕ್ಕು ಎಲ್ಲಾದ್ರೂ ಮೀನು ಸಾಕುತ್ತಾ. ಅತ್ತೆ ಅಂದ್ರಾ? ಅತ್ತೆ ಸಾರಿಗೆ ಯಾಕೆ ಇಳೀತಾಳೆ. ಸೋತೆ ಅಂತ ಒಪ್ಕೊಳ್ಳಿ, ಕತೆ ಕೇಳಿ.

ಕಡೂರಲ್ಲಿ ಸಿದ್ದಗಂಗಮ್ಮ ಅಂತ ಒಬ್ಬಳು, ಹಿಟ್ಟಿನ ಗಿರಣಿಯವಳು. ಗಿರಣಿಯವರನ್ನ ಊರಲ್ಲಿ ಯಾರೂ ನಂಬಲ್ಲ. ಅವಳೂ ಯಾರನ್ನೂ ನಂಬೋಳಲ್ಲ. ಅವಳಿಗೆ ಒಬ್ಬನೇ ಮಗ, ಓಂಕಾರಿ. ಇಪ್ಪತ್ತೇಳು ವರ್ಷ, ಮೂಟೆ ಹೊರೋ ಹೆಗಲು. ಹೆಗಲ ಮೇಲೆ ಕೂತಿದ್ದು ಮಾತ್ರ ಸ್ವಲ್ಪ ಹಗುರ. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅದೇ ಕಷ್ಟ.

ಅಂಥವನಿಗೂ ಒಂದು ಸಂಬಂಧ ಕುದುರಿತ್ತು. ಹೊಸದುರ್ಗದಲ್ಲಿ ಗಾಜಿನ ಅಂಗಡಿ ಇಟ್ಟಿದ್ದ ಕಲ್ಲೇಶಪ್ಪನ ಮಗಳು ಚಂದ್ರಕಲಾ. ಹುಡುಗಿ ಒಪ್ಪಿದ್ದಳು, ಅಪ್ಪ ಮಾತ್ರ ಬಾಯಿ ಬಿಟ್ಟಿರಲಿಲ್ಲ. ಒಂದು ದಿನ ಕಲ್ಲೇಶಪ್ಪ ಟೆಂಪೋದಲ್ಲಿ ತನ್ನ ಅಕ್ವೇರಿಯಂ ಹೇರಿಕೊಂಡು ಬಂದ. ಗಾಜಿನ ತೊಟ್ಟಿ, ಒಳಗೆ ಮರಳು, ನೀರುಗಿಡ, ನಾಲ್ಕು ಥರದ ಮೀನು. ಮನೆಗೆ ಬಣ್ಣ ಹೊಡೆಸ್ತಿದೀವಿ, ವಾಸನೆಗೆ ಮೀನು ಸಾಯ್ತವೆ, ಹದಿನೈದು ದಿನ ಇಟ್ಕೊಳ್ಳಿ ಅಂದ. ಗಪ್ಪಿ ಮೀನು ಇವತ್ತೋ ನಾಳೆಯೋ ಮರಿ ಹಾಕುತ್ತೆ, ದೊಡ್ಡವು ತಿನ್ನೋಕೆ ಮುಂಚೆ ಮರಿಗಳನ್ನ ಬೇರೆ ಮಾಡಬೇಕು, ಅದನ್ನ ಓಂಕಾರಿಯೇ ಮಾಡ್ಲಿ ಅಂತಲೂ ಅಂದ.

ಸಿದ್ದಗಂಗಮ್ಮನಿಗೆ ಅನುಮಾನ. ಹೊಸದುರ್ಗದಲ್ಲಿ ಮೀನಿಡೋಕೆ ಒಂದು ಮನೆ ಇಲ್ವಾ? ನನ್ನ ಮಗ ಪೆದ್ದ ಅಂತ ಯಾರೋ ಊದಿದಾರೆ, ಇದು ಪರೀಕ್ಷೆ. ಮರಿ ಉಳಿದ್ರೆ ಹೆಣ್ಣು ಉಂಟು, ಮರಿ ಸತ್ರೆ ಹೆಣ್ಣು ಇಲ್ಲ. ತಾನೇ ಹಿಡಿಯೋಣ ಅಂದ್ರೆ ಅವಳ ಕಣ್ಣಿಗೆ ಪೊರೆ, ಮರಿ ನೋಡಿದ್ರೆ ಕೂದಲೆಳೆಯಷ್ಟು. ಸಾಲದ್ದಕ್ಕೆ ಕಲ್ಲೇಶಪ್ಪ ದಿನಾ ಸಂಜೆ ಫೋನ್ ಮಾಡಿ ಇವತ್ತು ಏನು ಮಾಡಿದೆ ಅಂತ ಓಂಕಾರಿಯನ್ನೇ ಕೇಳ್ತಿದ್ದ. ಓಂಕಾರಿಗೆ ಸುಳ್ಳು ಹೇಳೋಕೆ ಬರ್ತಿರಲಿಲ್ಲ, ಅಷ್ಟು ಬುದ್ಧಿ ಎಲ್ಲಿತ್ತು.

ಮೂರನೇ ದಿನ ಮರಿಯಾಯ್ತು. ಎಣಿಸಿದ, ಹತ್ತೊಂಬತ್ತು. ಬಲೆ ಗಿಲೆ ಬೇಡ ಕಣೋ, ಎಳೇ ಮೈ, ಜಜ್ಜಿ ಹೋಗುತ್ತೆ, ಚೊಂಬಿನಲ್ಲಿ ನೀರಿನ ಸಮೇತ ತೆಗಿ ಅಂತ ಹೇಳಿ ಅವ್ವ ಗಿರಣಿಗೆ ಹೋದಳು.

ಓಂಕಾರಿ ನೀರಿನ ಸಮೇತ ತೆಗೆದ. ಒಂದು ಚೊಂಬು ತೆಗೆದ, ಹತ್ತು ಚೊಂಬು ತೆಗೆದ, ತೊಟ್ಟಿಯಲ್ಲಿ ನೀರು ಇರೋವರೆಗೂ ತೆಗೆದ. ಅವ್ವ ಬಂದು ನೋಡ್ತಾಳೆ, ಪಡಸಾಲೆ ತುಂಬ ಕೊಡ, ಬಕೀಟು, ಇಡ್ಲಿ ಪಾತ್ರೆ. ಖಾಲಿ ತೊಟ್ಟಿಯಲ್ಲಿ ದೊಡ್ಡ ಮೀನುಗಳು ಮರಳ ಮೇಲೆ ಪಟಪಟ ಅಂತಿವೆ. ಎಲ್ಲಾ ಮತ್ತೆ ಸುರಿದು, ಮಗನಿಗೆ ಸರಿಯಾಗಿ ಬೈದು, ಇನ್ಮೇಲೆ ನೀರಿಗೆ ಕೈ ಹಾಕಿದ್ರೆ ನೋಡು ಅಂದಳು. ಮರಿ ಗಿಡದ ಸಂದೀಲಿ ಅವಿತಿರ್ತವೆ, ಮೊದಲು ಗಿಡ ನೋಡು ಅಂದಳು.

"ಸರಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮಾರನೇ ದಿನ ಓಂಕಾರಿ ನೀರಿಗೆ ಕೈ ಹಾಕಲಿಲ್ಲ, ಇಕ್ಕಳ ಹಾಕಿದ. ಒಂದೊಂದೇ ಗಿಡ ಬೇರು ಸಮೇತ ಕಿತ್ತು, ಜಗಲಿ ಮೇಲೆ ಸಾಲಾಗಿ ಮಲಗಿಸಿ, ಹೇನು ನೋಡಿದಂಗೆ ಎಲೆ ಎಲೆ ಬಿಡಿಸಿ ನೋಡಿದ. ಒಂದು ಮರಿಯೂ ಇರಲಿಲ್ಲ. ಅವು ತೊಟ್ಟಿಯಲ್ಲೇ ಬಯಲಿಗೆ ಬಿದ್ದಿದ್ದವು. ಅವ್ವ ಬರೋ ಹೊತ್ತಿಗೆ ಹತ್ತೊಂಬತ್ತು ಹೋಗಿ ಹದಿನೇಳು. ಏಂಜೆಲ್ ಮೀನು ಮಾತ್ರ ಉಂಡು ಬಾಯಿ ಒರೆಸಿಕೊಂಡ ನೆಂಟನ ಥರ ಮೂಲೆಯಲ್ಲಿ ನಿಂತಿತ್ತು. ಸಿದ್ದಗಂಗಮ್ಮ ಅದನ್ನೇ ಗುರಾಯಿಸಿದಳು. ಗಿರಣಿಯಲ್ಲಿ ಅಕ್ಕಿ ಕದ್ದವರ ಮುಖ ಅವಳಿಗೆ ಗೊತ್ತಿಲ್ವಾ.

ಗಿಡ ನೆಟ್ಟಳು, ಮಗನಿಗೆ ಬೈದಳು. ಏನನ್ನೂ ಕೀಳಬೇಡ. ಚೊಂಬು ನೀರಲ್ಲಿ ಮುಳುಗಿಸಿ ಹಿಡಿ, ಒಳಗೆ ಚಿಟಿಕೆ ಮೀನಿನ ಕಾಳು ಪುಡಿ ಮಾಡಿ ಹಾಕು, ಮರಿ ತಾವಾಗೇ ಬರ್ತವೆ. ಕೈ ಮಾತ್ರ ಅಲ್ಲಾಡಿಸಬೇಡ.

"ಸರಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಬೆಳಿಗ್ಗೆ ಕೂತ. ಮರಿ ಬಂದವು, ತಿಂದವು, ಹೋದವು. ಮತ್ತೆ ಬಂದವು, ಮತ್ತೆ ಹೋದವು. ಮೂಗಿನ ಮೇಲೆ ನೊಣ ಕೂತು ಎದ್ದು ಹೋಯ್ತು. ಮಧ್ಯಾಹ್ನ ಅವ್ವ ಬಂದ್ರೆ ಮಗ ಕಲ್ಲಿನ ಬಸವಣ್ಣ. ಬಂದವೇನೋ ಅಂದಳು. ಹದಿನೇಳೂ ಒಳಗಿವೆ ಕಣವ್ವ, ಏಳನೇ ಸಲ ಬಂದಿರೋದು ಅಂದ.

"ಹಂಗಾದ್ರೆ ಎತ್ತಬಾರದೇನೋ?"

"ಕೈ ಅಲ್ಲಾಡಿಸಬೇಡ ಅಂದಿದ್ಯಲ್ಲವ್ವ."

ಹಣೆ ಚಚ್ಚಿಕೊಂಡು, ಈಗ ಎತ್ತು ಅಂದಳು. ಎತ್ತಿದ. ಹದಿನೇಳೂ ಬಂದವು.

ಸಂಜೆ ಕಲ್ಲೇಶಪ್ಪ ಫೋನಿನಲ್ಲಿ, ಮರಿಗಳನ್ನ ಬೇರೆ ಜಾಡಿಗೆ ಹಾಕುವಾಗ ಹೊಸ ನೀರಿಗೆ ಒಮ್ಮೆಲೇ ಬಿಡಬೇಡಿ ಅಂದ. ಅದನ್ನೇ ಅವ್ವ ಮಗನಿಗೆ ಹೇಳಿದಳು: ಹಳೇ ನೀರಲ್ಲೇ ಇರಲಿ, ಐದು ನಿಮಿಷಕ್ಕೊಂದು ಸೌಟು ಹೊಸ ನೀರು ಹಾಕು, ಅರ್ಧ ಗಂಟೆ ಒಗ್ಗಿಸು, ಆಮೇಲೆ ಒಳಗೆ ಬಿಡು. ದೊಡ್ಡವು ಯಾವುದೂ ಹತ್ರ ಬರದಂಗೆ ಕಾಯಿ, ತಿಂದುಬಿಡ್ತವೆ. ಸಾರಿನ ಸೌಟು ಅವತ್ತಿಂದ ಮೀನಿನ ಸೌಟಾಯ್ತು. ಓಂಕಾರಿ ಗಡಿಯಾರ ನೋಡಿ ನೋಡಿ ಹಾಕಿದ. ಒಂದೂ ಸಾಯಲಿಲ್ಲ. ಹುಟ್ಟಿದಾಗಿಂದ ಅವನು ಸರಿಯಾಗಿ ಮಾಡಿದ ಮೊದಲನೇ ಕೆಲಸ. ಅವ್ವನಿಗೆ ಅದರ ಮೇಲೂ ಅನುಮಾನ.

ಹದಿನೈದನೇ ದಿನ ಕಲ್ಲೇಶಪ್ಪ ಬಂದ. ಬಾಗಿಲು ತುಂಬೋ ಆಳು. ಸೀದಾ ಜಾಡಿ ಹತ್ರ ನಡೆದ. ಓಂಕಾರಿ ಎರಡೂ ಕೈ ಅಗಲಿಸಿ ಅಡ್ಡ ನಿಂತ.

"ನೀವು ಹತ್ರ ಬರಬಾರದು ಮಾವ."

"ಯಾಕಪ್ಪ?"

"ದೊಡ್ಡವರು ನೀವು. ತಿಂದುಬಿಡ್ತೀರ."

ಸಿದ್ದಗಂಗಮ್ಮ ಕೈಯಲ್ಲಿದ್ದ ಕಾಫಿ ಲೋಟ ಹಾಗೇ ಹಿಡಿದು ನಿಂತಳು. ಮುಗೀತು ಸಂಬಂಧ. ಕಲ್ಲೇಶಪ್ಪ ನಗಲಿಲ್ಲ. ದೂರದಿಂದಲೇ ಕಣ್ಣು ಕಿರಿದು ಮಾಡಿ ಎಣಿಸಿದ. ಎರಡು ಕಮ್ಮಿ ಇದೆಯಲ್ಲ ಅಂತ ಕೇಳಿದ. ಓಂಕಾರಿ ಇಡ್ಲಿ ಪಾತ್ರೆಯಿಂದ ಇಕ್ಕಳದವರೆಗೆ ಇನ್ನೊಂದು ಸಲ ಎಲ್ಲಾ ಹೇಳಿದ, ನನ್ನಿಂದಲೇ ಎರಡು ಹೋದವು ಅಂತಲೂ ಹೇಳಿದ.

ಕಲ್ಲೇಶಪ್ಪ ಕುರ್ಚಿ ಎಳೆದುಕೊಂಡು, ಜಾಡಿಯಿಂದ ದೂರವೇ ಕೂತ.

"ನಮ್ಮನೇಲಿ ಐದು ಸಲ ಮರಿ ಹಾಕಿದಾವೆ ಅಮ್ಮ. ಬಲೆ ಹಾಕಿ ಹಿಡೀತಿದ್ವಿ. ಒಂದೂ ಉಳಿಯಲಿಲ್ಲ." ಆಮೇಲೆ ಕಾಫಿ ಲೋಟಕ್ಕೆ ಕೈ ಚಾಚಿ ಅಂದ, "ದಿನ ನೋಡಿಸಿ."

ಸಿದ್ದಗಂಗಮ್ಮ ಅವನು ಹೋದ ಮೇಲೆ ಇದರಲ್ಲೇನೋ ಮೋಸ ಇದೆ ಅಂತ ಎರಡು ಸಲ ಅಂದಳು, ಆಮೇಲೆ ಕಣ್ಣೊರೆಸಿಕೊಂಡು ಮಗನಿಗೆ ಕೊನೇ ಬುದ್ಧಿ ಹೇಳಿದಳು. ಹುಡುಗಿ ಹೊಸಬಳು, ಹೆದರಿರ್ತಾಳೆ, ಮೀನುಮರಿ ಒಗ್ಗಿಸಿಕೊಂಡಂಗೆ ಒಗ್ಗಿಸಿಕೊ.

"ಸರಿ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮದುವೆ ಆಯ್ತು. ಮನೆ ತುಂಬಿಸಿಕೊಳ್ಳೋ ಹೊತ್ತು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು, ಒಳಗೆ ಆರತಿ ತಟ್ಟೆ. ಚಂದ್ರಕಲಾ ಬಲಗಾಲು ಎತ್ತಿದಳು. ತಡಿ ಅಂದ ಓಂಕಾರಿ. ಗಡಿಯಾರ ನೋಡಿದ, ಸೌಟಲ್ಲಿ ಮನೆ ನೀರು ತುಂಬಿ ತಂದು ರೇಷ್ಮೆ ಸೀರೆ ಸಮೇತ ಅವಳ ತಲೆ ಮೇಲೆ ಸುರಿದ. ಐದು ನಿಮಿಷ ಬಿಟ್ಟು ಇನ್ನೊಂದು ಸೌಟು. ಆರತಿ ಆರಿತು, ಅವ್ವ ಕಂಬ ಹಿಡಿದು ಕೂತಳು. ಮುಡಿದ ಹೂವಿನ ದಂಡೆಯಿಂದ ನೀರು ಸೋರ್ತಾ ಇದ್ದ ಮದುಮಗಳು ಮೆಲ್ಲಗೆ ಕೇಳಿದಳು.

"ಮರಿಗೂ ಹಿಂಗೇ ಮಾಡಿದ್ರಾ?"

"ಹೂಂ. ಒಂದೂ ಸಾಯಲಿಲ್ಲ."

"ಇನ್ನೆಷ್ಟು ಸೌಟಿದೆ?"

"ನಾಲ್ಕು."

"ಹಾಕಿ ಮತ್ತೆ," ಅಂದು ಎತ್ತಿದ ಕಾಲು ಇಳಿಸಿ ನಿಂತಳು.

ಈ ಮದುವೆ ದಿನದ್ದೆಲ್ಲ ನಾನು ಕಟ್ಟಿದ್ದು. ಮದುವೆ ಇನ್ನೂ ಆಗೇ ಇಲ್ಲ, ಬರೋ ತಿಂಗಳು ಅಂತೆ. ಚಂದ್ರಕಲಾ ಏನಂತಾಳೋ ನನಗೇನು ಗೊತ್ತು. ಆದರೆ ನಿನ್ನೆ ರಾಗಿ ಬೀಸಿಸೋಕೆ ಹೋಗಿದ್ದೆ. ಅವರ ಮನೆ ಬಾಗಿಲ ಪಕ್ಕ ಮೊಳೆ ಹೊಡೆದು ಓಂಕಾರಿ ಆ ಮೀನಿನ ಸೌಟು ತೂಗುಹಾಕಿದ್ದಾನೆ. ಅದು ಮಾತ್ರ ನಿಜ.