ಹಸಿರು ನೀರು ಕುಡಿದ ತೋಟ

ಒಂದು ಕಾಡಿನಲ್ಲಿ ಪ್ರಾಣಿಗಳೆಲ್ಲ ಸೇರಿ ಮಾಡಿಕೊಂಡ ತೋಟವಿತ್ತು. ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಮರಿಗಳ ಹೊಟ್ಟೆ ತುಂಬಿಸುತ್ತಿದ್ದುದು ಅದೇ ತೋಟ. ಅದನ್ನು ನೋಡಿಕೊಳ್ಳುವ ಹೊಣೆ ತುಂಬೆ ಎಂಬ ಮೊಲದ್ದು. ತೊರೆಯಿಂದ ಸಣ್ಣ ಕಾಲುವೆಯೊಂದು ತೋಟಕ್ಕೆ ನೀರು ತರುತ್ತಿತ್ತು.

ಆ ವರ್ಷ ತುಂಬೆ ಮರಿ ಹಾಕಿತ್ತು. ಮರಿಗಳು ಹಾಲು ಬಿಟ್ಟು ಮೊದಲ ಸಲ ಸೊಪ್ಪು ತಿನ್ನುವ ದಿನ ಆ ಕಾಡಿನಲ್ಲಿ ಹಬ್ಬ. ಅದಕ್ಕೆ 'ಮೊದಲ ತುತ್ತು' ಎಂದು ಹೆಸರು. ತುತ್ತು ತೋಟದ್ದೇ ಆಗಬೇಕು, ಎಲ್ಲರೂ ಬಂದು ನೋಡಬೇಕು. ತುಂಬೆ ಆ ದಿನಕ್ಕಾಗಿ ಕಾಯುತ್ತಿತ್ತು.

ತೊರೆಯ ಆಚೆ ದಡದಲ್ಲಿ ಹೊಂಬಾಲ ಎಂಬ ನರಿ ಕಲ್ಲಂಗಡಿ ಹಾಕಿತ್ತು. ತೊರೆಯ ನೀರೆಲ್ಲ ತನ್ನ ಬಳ್ಳಿಗೇ ಹರಿಯಲಿ ಎಂದು ಅದಕ್ಕೆ ಆಸೆ. ಗುಡ್ಡದ ಮೇಲೆ ಒಂದು ಹಳೆಯ ಗಣಿಗುಂಡಿ ಇತ್ತು. ಹಿಂದೆ ಮನುಷ್ಯರು ತಾಮ್ರ ತೆಗೆದು ಹಾಗೇ ಬಿಟ್ಟುಹೋದದ್ದು. ಅದರಲ್ಲಿ ನಿಂತ ನೀರು ಪಚ್ಚೆಕಲ್ಲಿನಂತೆ ಹೊಳೆಯುತ್ತಿತ್ತು. ನರಿ ಎಲ್ಲರನ್ನೂ ಅಲ್ಲಿಗೆ ಕರೆದುಕೊಂಡು ಹೋಯಿತು.

"ನೋಡಿ, ಎಂಥ ನೀರು! ಬಣ್ಣವಿಲ್ಲದ ತೊರೆನೀರು ಕುಡಿದೇ ಗಿಡ ಇಷ್ಟು ಹಸಿರಾಗುತ್ತದೆ. ಇನ್ನು ಹಸಿರು ನೀರೇ ಕುಡಿದರೆ?"

ನವಿಲು ಕುಣಿದಾಡಿತು. "ಅರೆ, ನನ್ನ ಕತ್ತಿನ ಬಣ್ಣ! ಇದು ಕೆಟ್ಟದ್ದಾಗಲು ಸಾಧ್ಯವೇ ಇಲ್ಲ."

ಕೋತಿಗಳು ತೊರೆಯ ಕಾಲುವೆಗೆ ಕಲ್ಲು ಅಡ್ಡ ಹಾಕಿದವು. ಗುಂಡಿಯ ನೀರನ್ನು ತೋಟಕ್ಕೆ ತಿರುಗಿಸಿದವು.

ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಹೊಸ ಎಲೆಗಳು ಹಳದಿಯಾಗಿ ಹುಟ್ಟತೊಡಗಿದವು. ಎಲೆಯ ನರ ಮಾತ್ರ ಹಸಿರು. ಅವರೆ ಬಳ್ಳಿ ಹಬ್ಬಲೇ ಇಲ್ಲ. ತುಂಬೆ ಓಡಿಹೋಗಿ ನರಿಯನ್ನು ಕೇಳಿತು.

"ನೀರು ಸಾಲದು, ಇನ್ನೂ ಬಿಡು ತಂಗಿ," ಎಂದಿತು ನರಿ.

ತುಂಬೆ ಇನ್ನೂ ಬಿಟ್ಟಿತು. ಗಿಡಗಳು ಇನ್ನೂ ಕುಗ್ಗಿದವು. ಸಾಸಿವೆ ಮಾತ್ರ ಮೂಲೆಯಲ್ಲಿ ಸೊಂಪಾಗಿ ನಿಂತಿತ್ತು.

"ಕಂಡೆಯಾ? ನೀರು ಚೆನ್ನಾಗಿಯೇ ಇದೆ. ನಿನ್ನ ಬೀಜ ಸರಿಯಿಲ್ಲ, ಇಲ್ಲವೇ ನಿನ್ನ ಕೈಗುಣ ಸರಿಯಿಲ್ಲ," ಎಂದು ನರಿ ಹಲ್ಲು ಕಿರಿಯಿತು.

ತುಂಬೆಗೆ ಅಳು ಬಂತು. ಸಾಸಿವೆಯಾದರೂ ಉಳಿದಿದೆಯಲ್ಲ, ಮೊದಲ ತುತ್ತು ಅದರದೇ ಆಗಲಿ ಎಂದುಕೊಂಡು ಕೊಯ್ಯಲು ಹೋಯಿತು. ಅಷ್ಟರಲ್ಲಿ ಮುಳ್ಳುಹಂದಿ ಸೂಜಜ್ಜ ಬಂತು. ಅದು ಗೆಡ್ಡೆ ಗೆಣಸು ತಿನ್ನುವ ಪ್ರಾಣಿ. ಎಲೆಯ ಕಡೆ ಅದು ತಿರುಗಿಯೂ ನೋಡದು. ಮೂಲಂಗಿಯೊಂದನ್ನು ಕಿತ್ತು ಕಚ್ಚಿ, ಥೂ ಎಂದು ಉಗುಳಿತು.

"ಇದೇನಮ್ಮ ತುಂಬೆ? ಬೇರು ಮೊಂಡಾಗಿದೆ, ಕಂದಿದೆ. ಒಂದು ಎಳೆ ಬೇರೂ ಇಲ್ಲ. ಇದು ನೀರು ಕುಡಿಯುವುದಾದರೂ ಹೇಗೆ?"

ತುಂಬೆ ಬಗ್ಗಿ ನೋಡಿತು. ಎಲೆ ತಿನ್ನುವವರೆಲ್ಲ ಇಷ್ಟು ದಿನ ಎಲೆಯನ್ನೇ ನೋಡಿದ್ದರು. ಬೇರನ್ನು ಯಾರೂ ನೋಡಿರಲಿಲ್ಲ.

"ಅಜ್ಜ, ಸಾಸಿವೆ ಚೆನ್ನಾಗಿದೆಯಲ್ಲ?"

"ಚೆನ್ನಾಗಿದೆ. ಆದರೆ ಸಾಸಿವೆ ಕಂಡರೆ ಬಿಡದ ಹುಳು ಇದರಲ್ಲಿ ಒಂದು ತೂತೂ ಮಾಡಿಲ್ಲ. ಯಾಕೆ?"

ತುಂಬೆಯ ಕಿವಿ ನಿಮಿರಿತು. ಕೊಯ್ದ ಸೊಪ್ಪನ್ನು ಅಲ್ಲೇ ಬಿಟ್ಟಿತು. ಮುತ್ತುಗದ ಎಲೆಯ ಎರಡು ದೊನ್ನೆ ಮಾಡಿ, ಕಾಡಿನ ಒಳ್ಳೆಯ ಮಣ್ಣು ತುಂಬಿ, ಎರಡರಲ್ಲೂ ತನ್ನ ಬೀಜದ ರಾಶಿಯ ಒಂದೇ ಹಿಡಿಯ ಹೆಸರುಕಾಳು ಹಾಕಿತು. ಒಂದಕ್ಕೆ ತೊರೆಯ ನೀರು, ಇನ್ನೊಂದಕ್ಕೆ ಗುಂಡಿಯ ನೀರು. ಎರಡು ಮೂರು ದಿನದಲ್ಲಿ ತೊರೆನೀರಿನ ಮೊಳಕೆ ಉದ್ದನೆಯ ಬಿಳಿ ಬೇರು ಬಿಟ್ಟಿತು. ಗುಂಡಿನೀರಿನದು ಮೂತಿ ಹೊರಹಾಕಿ ಅಲ್ಲೇ ಕಪ್ಪಾಯಿತು.

"ನನ್ನ ಬೀಜವೂ ಸರಿ, ಕೈಯೂ ಸರಿ," ಎಂದು ತುಂಬೆ ತನಗೆ ತಾನೇ ಹೇಳಿಕೊಂಡಿತು.

ಮರುದಿನ ಬೆಳಿಗ್ಗೆ ಎಲ್ಲರನ್ನೂ ಕೂಡಿಸಿಕೊಂಡು ಆಚೆ ದಡಕ್ಕೆ ಹೋಯಿತು. "ಹೊಂಬಾಲಣ್ಣ, ಇಷ್ಟು ಒಳ್ಳೆಯ ನೀರನ್ನು ನಮ್ಮ ತೋಟಕ್ಕೇ ಕುಡಿಸಿ ನಿನ್ನ ಬಳ್ಳಿಯನ್ನು ಮರೆತುಬಿಟ್ಟೆವು. ಇಂದಿನಿಂದ ಹಸಿರು ನೀರು ನಿನಗೆ."

"ಛೆ ಛೆ, ನಾನು ಬಡವ. ತೊರೆನೀರೇ ಸಾಕು."

"ಸಂಕೋಚ ಬೇಡಣ್ಣ!" ಎಂದು ಕೋತಿಗಳು ಗುಂಡಿಯ ಕಾಲುವೆಯನ್ನು ಕಲ್ಲಂಗಡಿಯ ಕಡೆಗೆ ತಿರುಗಿಸಿದವು. ಹಸಿರು ನೀರು ಸರಸರನೆ ಇಳಿದು ಬಂತು. ಅದು ಬಳ್ಳಿ ಮುಟ್ಟುವ ಮೊದಲೇ ನರಿ ಓಡಿಹೋಗಿ ಕಾಲುವೆಗೆ ಅಡ್ಡ ಮಲಗಿತು.

"ನಿಲ್ಲಿಸಿ! ನಿಲ್ಲಿಸಿ! ಗಿಡ ಸತ್ತುಹೋಗುತ್ತದೆ!"

ಎಲ್ಲರೂ ನರಿಯ ಕಡೆ ತಿರುಗಿದರು.

"ಯಾರ ಗಿಡ?" ಎಂದಿತು ಸೂಜಜ್ಜ.

ನವಿಲು ಕತ್ತು ತಗ್ಗಿಸಿತು. ಆ ದಿನವೇ ಗುಂಡಿಯ ಕಾಲುವೆಯ ಬಾಯಿ ಮುಚ್ಚಲು ಕಲ್ಲು ಮಣ್ಣು ಹೊತ್ತದ್ದು ನರಿಯೇ. ತೊರೆಯ ಕಾಲುವೆ ಮತ್ತೆ ತೆರೆಯಿತು. ಹಣ್ಣಾದ ಕಲ್ಲಂಗಡಿಗಳೆಲ್ಲ ಕಾಡಿನ ಪಾಲಾದವು.

ತೋಟದ ಸೊಪ್ಪಿಲ್ಲದೆ ತುಂಬೆಯ ಮರಿಗಳ ಮೊದಲ ತುತ್ತು ಆ ಸಲ ಕಲ್ಲಂಗಡಿಯದಾಯಿತು. ಅವುಗಳ ಮೀಸೆಯಿಂದ ಕೆಂಪು ರಸ ತೊಟ್ಟಿಕ್ಕುವುದನ್ನು ನೋಡುತ್ತಾ ತುಂಬೆ ಉಸಿರು ಬಿಟ್ಟಿತು. ಗುಂಡಿಯ ವಿಷ ಹೀರಿದ ಆ ಸಾಸಿವೆ ಆ ಪುಟ್ಟ ಬಾಯಿಗಳಿಗೆ ಹೋಗಲಿಲ್ಲವಲ್ಲ, ಅದೇ ಸಾಕು.

ತೋಟದ ಮಣ್ಣು ಒಂದೇ ಮಳೆಗೆ ಸರಿಹೋಗಲಿಲ್ಲ. ಅಲ್ಲಿ ಮತ್ತೆ ಮತ್ತೆ ಸಾಸಿವೆ ಹಾಕಿದರು. ಅದು ಮಣ್ಣಿನ ತಾಮ್ರವನ್ನು ಸ್ವಲ್ಪಸ್ವಲ್ಪವಾಗಿ ಹೀರಿಕೊಂಡಿತು. ಅದನ್ನು ಯಾರೂ ತಿನ್ನದೆ ಬೇರುಸಹಿತ ಕಿತ್ತು ಗಣಿಗುಂಡಿಗೇ ಹಾಕಿದರು. ಮಣ್ಣು ಸರಿಹೋಗುವವರೆಗೆ ತೊರೆಯ ಪಕ್ಕದ ಹೊಸ ಮಡಿಯೇ ಎಲ್ಲರ ಹೊಟ್ಟೆ ಹೊರೆಯಿತು.

ಕೊನೆಗೊಂದು ದಿನ ಸೂಜಜ್ಜ ಹಳೆಯ ತೋಟದಲ್ಲಿ ಮೂಲಂಗಿಯೊಂದನ್ನು ಕಿತ್ತಿತು. ಉದ್ದನೆಯ ಬಿಳಿ ಗೆಡ್ಡೆ, ತುಂಬ ಎಳೆ ಬೇರು. ತುಂಬೆ ಉಸಿರು ಬಿಗಿಹಿಡಿದು ನಿಂತಿತ್ತು. ಅಜ್ಜ ಕಚ್ಚಿತು, ಅಗಿಯಿತು, ನುಂಗಿತು.

"ಇನ್ನೊಂದು ಕೀಳಲೇನಮ್ಮ?"

ನೀತಿ: ಮೇಲಿನ ಹಸಿರನ್ನಷ್ಟೇ ನೋಡಿ ಮರುಳಾಗಬೇಡಿ, ಬೇರನ್ನೂ ಅದು ಕುಡಿಯುವ ನೀರನ್ನೂ ಪರೀಕ್ಷಿಸಿ. ತಾವು ಬಳಸದ್ದನ್ನು ಇತರರಿಗೆ ಒಳ್ಳೆಯದೆಂದು ಕೊಡುವವರನ್ನು ನಂಬಬೇಡಿ.