ಹಲ್ಲಿಯ ಶಿಫಾರಸು

ಒಂಬತ್ತನೇ ಕ್ಲಾಸಿನ ತನುಜಾ ಮಾಡಿದ ಪುಟ್ಟ ರೋಬೋಟು ಮೇಜಿನ ಅಂಚಿಗೆ ಬಂದು ನಿಲ್ಲಬೇಕಿತ್ತು. ನಿಲ್ಲದೆ, ಮತ್ತೆ ಕೆಳಗೆ ಬಿದ್ದು ಚಕ್ರ ಕಳಚಿಕೊಂಡಿತು. "ಸಾಕಮ್ಮ, ಇದನ್ನ ಬೀರುವಲ್ಲಿಟ್ಟು ಬೀಗ ಹಾಕ್ತೀನಿ," ಅಂತ ವಿಜ್ಞಾನದ ಮೇಷ್ಟ್ರು ಬೀಗದಕೈ ತೆಗೆದರು.

ಗೋಡೆ ಮೇಲಿದ್ದ ಹಲ್ಲಿಗೂ ಅದೇ ಸರಿ ಅನ್ನಿಸಿತು. "ಬೀರುವಲ್ಲಿ ತಣ್ಣಗಿರಪ್ಪ. ನಂದಾದ್ರೆ ಬಾಲ ಬಿದ್ರೂ ಬೆಳೆಯುತ್ತೆ. ನಿನ್ನ ಚಕ್ರ ಬೆಳೆಯುತ್ತಾ?"

"ಇಲ್ಲಕ್ಕ," ಅಂದಿತು ರೋಬೋಟು. "ನಾನು ಬಿದ್ದಾಗೆಲ್ಲ ಬೆಳೆಯೋದು ಆ ಹುಡುಗಿ. ಮೊದಲ ಸಲ ಅತ್ತಳು. ಈಗ ನೋಡು, ಆಗಲೇ ಸ್ಕ್ರೂಡ್ರೈವರ್ ಹಿಡಿದಿದ್ದಾಳೆ."

ಹಲ್ಲಿ ಬಗ್ಗಿ ನೋಡಿತು.

"ಸಾರ್, ಇನ್ನೊಂದು ಸಲ ಬಿಡಿ, ನಿಲ್ಲಿಸೇ ನಿಲ್ಲಿಸ್ತೀನಿ," ಅಂತಿದ್ದಳು ತನುಜಾ.

ತಡೆಯಲಾರದೆ ಹಲ್ಲಿ ಲೊಚಗುಟ್ಟಿತು.

"ನೋಡಿ ಸಾರ್, ಹಲ್ಲಿನೂ ಹೌದು ಅಂತು!"

ಹಲ್ಲಿ ಮಾತಿಗೆ ಎದುರಾಡೋ ಧೈರ್ಯ ವಿಜ್ಞಾನದ ಮೇಷ್ಟ್ರಿಗೂ ಇರಲಿಲ್ಲ. ಬೀಗದಕೈ ವಾಪಸ್ ಜೇಬು ಸೇರಿತು.